ಇದೆ, ಬೇಕು, ಮಾಡಿಸಿದೆ: ‘ಹ್ಯಾವ್’ ಬಳಸುವುದನ್ನು ಕನ್ನಡದಿಂದಲೇ ಕಲಿಯೋಣ

ಇಂಟರ್‌ವ್ಯೂಗೆ ಕೂತವರು ಮನೆಯವರ ಬಗ್ಗೆ ಹೇಳುವಾಗ ತಪ್ಪದೆ ಬರುವ ಒಂದು ವಾಕ್ಯ ಇದೆ. “ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್.” ಮಂಡ್ಯದ ಸರ್ಕಾರಿ ಕಾಲೇಜಿನವರೂ ಹೀಗೇ ಹೇಳುತ್ತಾರೆ, ಮೈಸೂರಿನ ಇಂಗ್ಲಿಷ್ ಮೀಡಿಯಂನವರೂ ಹೀಗೇ ಹೇಳುತ್ತಾರೆ. ಎದುರಿಗೆ ಕೂತವರಿಗೆ ಅರ್ಥವೇನೋ ಆಗುತ್ತದೆ. ಆದರೆ ವಾಕ್ಯ ತಪ್ಪು. ಬೈದು ತಿದ್ದಿದರೆ ನಾಲ್ಕು ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ‘ಹ್ಯಾವಿಂಗ್’ ಶುರು.

ಮಂಡ್ಯದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ನನಗೆ ಒಂದು ವಿಷಯ ಗೊತ್ತಾಗಿದೆ. ‘ಹ್ಯಾವ್’ ವಿಷಯದಲ್ಲಿ ಇಂಗ್ಲಿಷ್ ವ್ಯಾಕರಣ ಬಾಯಿಪಾಠ ಮಾಡಿಸಿ ಜಾಸ್ತಿ ಉಪಯೋಗ ಇಲ್ಲ. ಅದೇ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿಸಬೇಕು. ‘ಕೊನೇಲಿ ಯಾವ ಪದ ಬಂತು?’ ಅಂತ ಕೇಳಬೇಕು. ‘ಇದೆ’ ಬಂತಾ, ‘ಬೇಕು’ ಬಂತಾ, ‘ಮಾಡಿಸಿದೆ’ ಬಂತಾ, ‘ಮಾಡಿದ್ದೇನೆ’ ಬಂತಾ? ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ. ಕೆಳಗೆ ಇರುವುದೆಲ್ಲ ಈ ಒಂದು ಉಪಾಯದ ವಿಸ್ತಾರ.

ಇದು ಯಾಕೆ ಬೇಕು ಅಂದರೆ, ‘ಹ್ಯಾವ್’ಗೆ ಸರಿಸಮನಾದ ಒಂದೇ ಒಂದು ಕ್ರಿಯಾಪದ ಕನ್ನಡದಲ್ಲಿ ಇಲ್ಲ. ‘ಹೊಂದು’ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಆದರೆ ‘ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ’ ಅಂತ ಯಾರಾದರೂ ಮಾತಾಡುತ್ತಾರಾ? ಇಂಗ್ಲಿಷಿನಲ್ಲೋ ‘ಬಿ’, ‘ಡು’ ಜೊತೆಗೆ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳಲ್ಲಿ ಇದೂ ಒಂದು. ಹಾಗಾಗಿ ಇದನ್ನು ಬಿಟ್ಟು ಹತ್ತು ವಾಕ್ಯ ಮಾತಾಡುವುದೂ ಕಷ್ಟ.

ಮೊದಲು ಮೂರು ರೂಪ

‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’. ಹೀ, ಶೀ, ಇಟ್, ಒಬ್ಬ ಮನುಷ್ಯ, ಒಂದು ವಸ್ತು ಇದ್ದರೆ ‘ಹ್ಯಾಸ್’. ಉಳಿದವಕ್ಕೆ ‘ಹ್ಯಾವ್’. ಹಿಂದಿನ ಕಾಲಕ್ಕೆ ಎಲ್ಲರಿಗೂ ‘ಹ್ಯಾಡ್’. ಇದು ಎಲ್ಲರಿಗೂ ಗೊತ್ತು. ಎಡವುವುದು ಎರಡು ಕಡೆ.

ಒಂದು, ‘ಎವ್ರಿವನ್’. ಕನ್ನಡದಲ್ಲಿ ‘ಎಲ್ಲರಿಗೂ’ ಬಹುವಚನ, ಇಂಗ್ಲಿಷಿನಲ್ಲಿ ಏಕವಚನ. “ಎವ್ರಿವನ್ ಹ್ಯಾಸ್ ಎ ಫೋನ್” ಅಂತಲೇ ಹೇಳಬೇಕು. ಇನ್ನೊಂದು, ‘ಡು, ಡಸ್, ಡಿಡ್’ ಬಂದ ಮೇಲೆ ಯಾವತ್ತೂ ಬರೀ ‘ಹ್ಯಾವ್’. “ಶೀ ಡಸಂಟ್ ಹ್ಯಾಸ್” ಇಲ್ಲ, “ಐ ಡಿಡಂಟ್ ಹ್ಯಾಡ್” ಇಲ್ಲ. “ಶೀ ಡಸಂಟ್ ಹ್ಯಾವ್ ಎ ಲೈಸೆನ್ಸ್.” “ಐ ಡಿಡಂಟ್ ಹ್ಯಾವ್ ಟೈಮ್.” ಕಾಲ ಯಾವುದು ಅಂತ ‘ಡಸ್’, ‘ಡಿಡ್’ ಆಗಲೇ ಹೇಳಿಬಿಟ್ಟಿದೆ. ಎರಡನೇ ಸಲ ಹೇಳುವುದು ಬೇಡ.

ಪ್ರಶ್ನೆ ಕೇಳುವಾಗ “ಹ್ಯಾವ್ ಯೂ ಎ ಪೆನ್?” ಅಂತ ಕೆಲವು ಹಳೇ ಪಠ್ಯಪುಸ್ತಕಗಳಲ್ಲಿ ಇರುತ್ತದೆ. ಅದು ಹಳೇ ಬ್ರಿಟಿಷ್ ಶೈಲಿ. ಈಗ “ಡು ಯೂ ಹ್ಯಾವ್ ಎ ಪೆನ್?” ಅಥವಾ “ಹ್ಯಾವ್ ಯೂ ಗಾಟ್ ಎ ಪೆನ್?” ಅನ್ನಿ ಸಾಕು. ‘ಹ್ಯಾವ್ ಗಾಟ್’ ಅಂದರೂ ‘ಇದೆ’ ಅಂತಲೇ ಅರ್ಥ. ಬ್ರಿಟನ್ ಕಡೆಯವರು ಅದನ್ನು ಜಾಸ್ತಿ ಬಳಸುತ್ತಾರೆ.

ಕನ್ನಡದಲ್ಲಿ ‘ಇದೆ’ ಬಂದರೆ

ಒಂದು ‘ಹ್ಯಾವ್’ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಬೇರೆ ದಾರಿ ಇವೆ. ಸಂಬಂಧಿಕರಾದರೆ ‘ನನಗೆ ಇಬ್ಬರು ಅಣ್ಣಂದಿರು ಇದ್ದಾರೆ’. ಆಸ್ತಿಯಾದರೆ ‘ನಮಗೆ ಎರಡು ಎಕರೆ ಗದ್ದೆ ಇದೆ’. ಜೇಬಲ್ಲಿ ಇರುವುದಾದರೆ ‘ನನ್ನ ಹತ್ರ ನೂರು ರೂಪಾಯಿ ಇದೆ’. ವಸ್ತುವಿನ ಭಾಗವಾದರೆ ‘ಮನೆಗೆ ಎರಡು ಬಾಗಿಲು ಇವೆ’. ಊರಿನ ವಿಷಯವಾದರೆ ‘ನಮ್ಮೂರಲ್ಲಿ ದೊಡ್ಡ ಕೆರೆ ಇದೆ’. ಮೂರು ವಿಭಕ್ತಿ, ಐದು ರೀತಿ. ಇಂಗ್ಲಿಷಿನವರು ಎಲ್ಲಕ್ಕೂ ಒಂದೇ ಪದ ಹಾಕಿ ಕೈತೊಳೆದುಕೊಳ್ಳುತ್ತಾರೆ. “ಐ ಹ್ಯಾವ್ ಟೂ ಬ್ರದರ್ಸ್.” “ವೀ ಹ್ಯಾವ್ ಟೂ ಏಕರ್ಸ್.” “ಅವರ್ ಹೌಸ್ ಹ್ಯಾಸ್ ಟೂ ಡೋರ್ಸ್.” “ಅವರ್ ವಿಲೇಜ್ ಹ್ಯಾಸ್ ಎ ಬಿಗ್ ಲೇಕ್.”

ಇದನ್ನು ಹೇಳಿಕೊಡುವಾಗ ಬೆಲ್ಲದ ವ್ಯಾಪಾರದ ಒಬ್ಬರು ಕೇಳಿದರು: “ನಮ್ ತಾವ ಇರೋದು ಸಾಲ ಒಂದೇ ಸಾ, ಅದ್ಕೂ ಹ್ಯಾವಾ?” ಅದಕ್ಕೂ ಹ್ಯಾವ್. “ಐ ಹ್ಯಾವ್ ಎ ಲೋನ್.” ಕೈಯಲ್ಲಿ ಇರಬೇಕು ಅಂತೇನೂ ಇಲ್ಲ, ತಲೆ ಮೇಲೆ ಇದ್ದರೂ ನಡೆಯುತ್ತದೆ.

ಅವರು ಅಂದ ‘ತಾವ’ದಲ್ಲಿ, ಅಂದರೆ ‘ಹತ್ರ’ದಲ್ಲಿ, ಒಂದು ಸೂಕ್ಷ್ಮ ಇದೆ. ಕನ್ನಡದಲ್ಲಿ ‘ನನಗೆ ದುಡ್ಡಿಲ್ಲ’ ಬೇರೆ, ‘ನನ್ನ ಹತ್ರ ದುಡ್ಡಿಲ್ಲ’ ಬೇರೆ. ಎರಡನೆಯದು ಈಗ ಜೇಬಲ್ಲಿ ಇಲ್ಲ ಅಂತಲೂ ಆಗಬಹುದು. ಇಂಗ್ಲಿಷಿನಲ್ಲಿ ಬರೀ “ಐ ಡೋಂಟ್ ಹ್ಯಾವ್ ಮನಿ” ಅಂದರೆ ದುಡ್ಡೇ ಇಲ್ಲದವನು ಅಂತ ಅಂದುಕೊಳ್ಳಬಹುದು. ಕೈಯಲ್ಲಿ ಇಲ್ಲ ಅಷ್ಟೇ ಅನ್ನುವುದಕ್ಕೆ ಕೊನೆಗೆ ‘ಆನ್ ಮೀ’ ಸೇರಿಸಿ: “ಐ ಡೋಂಟ್ ಹ್ಯಾವ್ ಎನಿ ಕ್ಯಾಶ್ ಆನ್ ಮೀ.” ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಳ್ಳಲು ನಿಂತ ಟೂರಿಸ್ಟ್ ಹೀಗೆ ಅಂದರೆ ಚೌಕಾಸಿ ಮುಗಿಯಿತು ಅಂದುಕೊಳ್ಳಬೇಡಿ, ಫೋನಲ್ಲಿ ಹಣ ಹಾಕಬಹುದು.

ಈಗ ಮೊದಲ ವಾಕ್ಯಕ್ಕೆ ಬರೋಣ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಯಾಕೆ ತಪ್ಪು? ಅದನ್ನು ಹಾಗೇ ಕನ್ನಡಕ್ಕೆ ತಿರುಗಿಸಿ ನೋಡಿ. ‘ನನಗೆ ಇಬ್ಬರು ಅಣ್ಣಂದಿರು ಇರುತ್ತಿದ್ದಾರೆ.’ ನಗು ಬರುತ್ತದೆ ಅಲ್ವಾ? ಕನ್ನಡದಲ್ಲಿ ‘ಇದ್ದಾರೆ’ ಅನ್ನುವ ಕಡೆ ‘ಇರುತ್ತಿದ್ದಾರೆ’ ಸೇರುವುದಿಲ್ಲ. ಇಂಗ್ಲಿಷಿನಲ್ಲೂ ಸೇರುವುದಿಲ್ಲ. ಇದೇ ಪರೀಕ್ಷೆ. ‘ಇದೆ’ ಅಥವಾ ‘ಇದ್ದಾರೆ’ ಬಂದರೆ ಬರೀ ‘ಹ್ಯಾವ್’. ‘ತಿನ್ನುತ್ತಿದ್ದೇನೆ’, ‘ಮಾಡುತ್ತಿದ್ದಾರೆ’, ‘ನಡೆಯುತ್ತಿದೆ’, ‘ಆಗುತ್ತಿದೆ’ ಅಂತ ಕನ್ನಡದಲ್ಲೇ ಬಂದರೆ ‘ಹ್ಯಾವಿಂಗ್’ ಹಾಕಬಹುದು.

ಹಾಗಾಗಿ “ಐ ಹ್ಯಾವ್ ಟೂ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್” ಅನ್ನಬೇಕು, ಅನುಭವ ‘ಇದೆ’. “ಐ ಹ್ಯಾವ್ ಎ ಟೂ ವೀಲರ್” ಅನ್ನಬೇಕು, ಗಾಡಿ ‘ಇದೆ’. ಆದರೆ “ವೀ ಆರ್ ಹ್ಯಾವಿಂಗ್ ಲಂಚ್” ಸರಿ, ಊಟ ‘ಮಾಡುತ್ತಿದ್ದೇವೆ’. “ದೇ ಆರ್ ಹ್ಯಾವಿಂಗ್ ಎ ಮೀಟಿಂಗ್” ಸರಿ, ಮೀಟಿಂಗ್ ‘ನಡೆಸುತ್ತಿದ್ದಾರೆ’. “ಐ ಆಮ್ ಹ್ಯಾವಿಂಗ್ ಟ್ರಬಲ್ ವಿತ್ ದ ನೆಟ್‌ವರ್ಕ್” ಸರಿ, ತೊಂದರೆ ‘ಆಗುತ್ತಿದೆ’. ಈ ಪರೀಕ್ಷೆ ಕೈಕೊಡುವ ಒಂದು ಜಾಗ ಕಾಯಿಲೆ. ‘ತಲೆ ನೋಯ್ತಿದೆ’ ಅಂತ ನಾವು ಹೇಳುತ್ತೇವೆ. ಅಲ್ಲಿ ಮಾತ್ರ “ಐ ಹ್ಯಾವ್ ಎ ಹೆಡ್ಏಕ್” ಅನ್ನುವುದೇ ವಾಡಿಕೆ.

ಕ್ಲಾಸಲ್ಲಿ ಕೈ ಎತ್ತಿ “ಸಾರ್, ಐ ಆಮ್ ಹ್ಯಾವಿಂಗ್ ಎ ಡೌಟ್” ಅನ್ನುವವರಿಗೆ ಎರಡು ತಿದ್ದುಪಡಿ. ‘ಹ್ಯಾವಿಂಗ್’ ಬೇಡ ಅನ್ನುವುದು ಒಂದು. ‘ಡೌಟ್’ ಅಂದರೆ ನಮ್ಮ ದೇಶದ ಹೊರಗೆ ಅನುಮಾನ ಅಂತ ಅರ್ಥ. ಹೇಳಿಕೊಟ್ಟವರ ಮೇಲೇ ನಂಬಿಕೆ ಇಲ್ಲ ಅನ್ನುವ ಹಾಗೆ ಕೇಳಿಸುತ್ತದೆ. ಫಾರಿನ್ ಕ್ಲೈಂಟ್ ಜೊತೆ ಮಾತಾಡುವಾಗ “ಐ ಹ್ಯಾವ್ ಎ ಕ್ವೆಶ್ಚನ್” ಅನ್ನಿ.

‘ನನಗೆ’ ಇದ್ದ ಕಡೆಯೆಲ್ಲ ಹ್ಯಾವ್ ಅಲ್ಲ

ಹಾಗಂತ ‘ನನಗೆ’ ಕಂಡ ಕೂಡಲೇ ‘ಐ ಹ್ಯಾವ್’ ಹಾಕಬೇಡಿ. ಕನ್ನಡದಲ್ಲಿ ಮೈಗೆ ಮನಸ್ಸಿಗೆ ಆಗುವುದೆಲ್ಲ ‘ನನಗೆ’ ಆಗುತ್ತದೆ. ಹಸಿವು, ಭಯ, ಚಳಿ, ಇಷ್ಟ, ಗೊತ್ತು, ನೆನಪು ಎಲ್ಲವೂ. ಇಂಗ್ಲಿಷಿನಲ್ಲಿ ಇವು ಚೆಲ್ಲಾಪಿಲ್ಲಿ. ಹಸಿವು, ಭಯ, ಚಳಿಗೆ ‘ಐ ಆಮ್’: “ಐ ಆಮ್ ಹಂಗ್ರಿ.” ಇಷ್ಟ, ಗೊತ್ತು, ನೆನಪಿಗೆ ಅವುಗಳದ್ದೇ ಕ್ರಿಯಾಪದ: “ಐ ಲೈಕ್”, “ಐ ನೋ”, “ಐ ರಿಮೆಂಬರ್”. ವಯಸ್ಸಿಗೂ ‘ಐ ಆಮ್’. ‘ನನಗೆ ಇಪ್ಪತ್ತೆರಡು ವರ್ಷ’ ಅನ್ನುವುದಕ್ಕೆ “ಐ ಆಮ್ ಟ್ವೆಂಟಿ ಟೂ”. ಇಲ್ಲಿ ಹ್ಯಾವ್‌ಗೆ ಜಾಗವೇ ಇಲ್ಲ.

ಕಾಯಿಲೆಗಳಿಗೆ ಮಾತ್ರ ‘ಹ್ಯಾವ್’ ಬೇಕೇ ಬೇಕು. ಜ್ವರ, ಕೆಮ್ಮು, ನೆಗಡಿ, ಹೊಟ್ಟೆನೋವು. “ಐ ಹ್ಯಾವ್ ಎ ಫೀವರ್.” ಇಲ್ಲಿ ಒಂದು ಜೋಡಿ ನೆನಪಿಡಿ. “ಐ ಆಮ್ ಕೋಲ್ಡ್” ಅಂದರೆ ಚಳಿ ಆಗ್ತಿದೆ. “ಐ ಹ್ಯಾವ್ ಎ ಕೋಲ್ಡ್” ಅಂದರೆ ನೆಗಡಿ ಆಗಿದೆ. ಒಂದಕ್ಕೆ ಸ್ವೆಟರ್ ಕೊಡುತ್ತಾರೆ, ಇನ್ನೊಂದಕ್ಕೆ ಮಾತ್ರೆ.

ನಮ್ಮ ಕಡೆ ‘ಶುಗರ್ ಇದೆ’, ‘ಬಿಪಿ ಇದೆ’ ಅಂದರೆ ಯಾರಿಗಾದರೂ ಅರ್ಥ ಆಗುತ್ತದೆ. ಹೊರದೇಶದಲ್ಲಿರುವ ಮಗನ ಮನೆಗೆ ಹೋದ ತಂದೆತಾಯಿ ಅಲ್ಲಿನ ಡಾಕ್ಟರ್ ಹತ್ರ “ಐ ಹ್ಯಾವ್ ಶುಗರ್” ಅಂದರೆ ಅಡುಗೆಮನೇಲಿ ಸಕ್ಕರೆ ಇದೆ ಅಂದಂತೆ. ಬಿಪಿ ಅಂತೂ ಉಸಿರಾಡುವ ಪ್ರತಿಯೊಬ್ಬರಿಗೂ ಇರುತ್ತದೆ, ಅದು ರಕ್ತದ ಒತ್ತಡ ಅಷ್ಟೇ. “ಐ ಹ್ಯಾವ್ ಡಯಾಬಿಟೀಸ್”, “ಐ ಹ್ಯಾವ್ ಹೈ ಬ್ಲಡ್ ಪ್ರೆಷರ್” ಅಂತ ಚೀಟಿಯಲ್ಲಿ ಬರೆದು ಅವರ ಪರ್ಸಲ್ಲಿ ಇಟ್ಟು ಕಳಿಸಿದರೆ ಒಳ್ಳೆಯದು.

ತಿಂಡಿ ಆಯ್ತಾ?

ತಿನ್ನುವ ಕುಡಿಯುವ ವಿಷಯದಲ್ಲಿ ‘ಈಟ್’, ‘ಡ್ರಿಂಕ್’ಗಿಂತ ‘ಹ್ಯಾವ್’ ಮರ್ಯಾದೆಯ ಪದ. ‘ತಿಂಡಿ ಆಯ್ತಾ?’ ಅನ್ನುವುದಕ್ಕೆ “ಟಿಫನ್ ಫಿನಿಶ್ಡ್?” ಅನ್ನುವವರು ಬೇಕಾದಷ್ಟು ಜನ. ನಮ್ಮೊಳಗೆ ನಡೆಯುತ್ತದೆ. ಹೊರಗಿನವರ ಹತ್ರ “ಹ್ಯಾವ್ ಯೂ ಹ್ಯಾಡ್ ಬ್ರೇಕ್‌ಫಸ್ಟ್?” ಅನ್ನಿ. ಎರಡು ಸಲ ಹ್ಯಾವ್ ಬಂತಲ್ಲ ಅಂತ ಹೆದರಬೇಡಿ. ಮೊದಲನೆಯದು ‘ಆಯ್ತಾ’, ಎರಡನೆಯದು ‘ತಿಂಡಿ ತಿನ್ನೋದು’. ಅವಸರಕ್ಕೆ “ಹ್ಯಾಡ್ ಬ್ರೇಕ್‌ಫಸ್ಟ್?” ಅಂದರೂ ತೊಂದರೆ ಇಲ್ಲ.

ಹೋಟೆಲಲ್ಲಿ ಏನಾದರೂ ಕೇಳುವಾಗ ಇದರ ಬೆಲೆ ಗೊತ್ತಾಗುತ್ತದೆ. ‘ಎರಡು ಕಾಫಿ ಕೊಡಿ’ ಅಂದರೆ ಕನ್ನಡದಲ್ಲಿ ಮರ್ಯಾದೆಯ ಮಾತೇ. ಆ ಮರ್ಯಾದೆ ಇರುವುದು ‘ಕೊಡಿ’ಯ ಕೊನೆಯ ‘ಇ’ಯಲ್ಲಿ. ‘ಕೊಡು’ ಅಂದು ನೋಡಿ, ಸಪ್ಲೈಯರ್ ಮುಖ ತಿರುಗಿಸುತ್ತಾನೆ. ಇಂಗ್ಲಿಷಿನ ‘ಗಿವ್’ನಲ್ಲಿ ಆ ‘ಇ’ ಇಲ್ಲ. “ಗಿವ್ ಮೀ ಟೂ ಕಾಫಿ” ಅಂದರೆ ‘ಕೊಡೋ’ ಅಂದ ಹಾಗೆ ಕೇಳಿಸುತ್ತದೆ, ಮನಸ್ಸಲ್ಲಿ ಎಷ್ಟೇ ಗೌರವ ಇದ್ದರೂ. ಅದಕ್ಕೇ “ಕ್ಯಾನ್ ಐ ಹ್ಯಾವ್ ಟೂ ಕಾಫೀಸ್, ಪ್ಲೀಸ್?” ಅಂತಾರೆ. ಹೆಸರು ಕೇಳುವಾಗ “ಮೇ ಐ ಹ್ಯಾವ್ ಯುವರ್ ನೇಮ್, ಪ್ಲೀಸ್?” ‘ಗುಡ್ ನೇಮ್’ ಬೇಡ. ಕಾಲ್ ಸೆಂಟರ್, ಹೋಟೆಲ್ ರಿಸೆಪ್ಷನ್ ಕೆಲಸಕ್ಕೆ ಹೋಗುವವರು ಈ ಎರಡು ವಾಕ್ಯವನ್ನು ನಿದ್ದೆಗಣ್ಣಲ್ಲೂ ಹೇಳುವ ಹಾಗೆ ಮಾಡಿಕೊಳ್ಳಿ.

‘ಹ್ಯಾವ್ ಎ ಸೀಟ್’ ಅಂದರೆ ಕೂತ್ಕೊಳ್ಳಿ. ‘ಹ್ಯಾವ್ ಎ ಲುಕ್’ ಅಂದರೆ ಒಂದ್ಸಲ ನೋಡಿ. ‘ಹ್ಯಾವ್ ಎ ಬಾತ್’ ಸ್ನಾನ. ಇವನ್ನು ಬಿಡಿಸಿ ನೋಡುವ ಅಗತ್ಯ ಇಲ್ಲ, ಇದ್ದ ಹಾಗೇ ಕಲಿತುಬಿಡಿ.

ಕನ್ನಡದಲ್ಲಿ ‘ಬೇಕು’ ಬಂದರೆ

‘ನಾನು ಹೋಗಬೇಕು’ ಅಂದರೆ “ಐ ಹ್ಯಾವ್ ಟು ಗೋ”. ‘ಅವಳು ಹೋಗಬೇಕು’ ಅಂದರೆ “ಶೀ ಹ್ಯಾಸ್ ಟು ಗೋ”. ಮಾತಾಡುವಾಗ ಇದು ‘ಹ್ಯಾಫ್ಟು’, ‘ಹ್ಯಾಸ್ಟು’ ಅಂತ ಕೇಳಿಸುತ್ತದೆ. ‘ವ’ ಹೋಗಿ ‘ಫ್’ ಆಗುತ್ತದೆ. ಇಲ್ಲಿಯವರೆಗೆ ಸುಲಭ.

ಎಚ್ಚರ ಬೇಕಾಗಿರುವುದು ‘ಬೇಡ’ದ ಕಡೆ. ಕನ್ನಡದಲ್ಲಿ ‘ಬರಬೇಕಿಲ್ಲ’ ಬೇರೆ, ‘ಬರಬಾರದು’ ಬೇರೆ. ಮೊದಲನೆಯದರಲ್ಲಿ ಬಂದರೂ ಸರಿ, ಬಿಟ್ಟರೂ ಸರಿ. ಎರಡನೆಯದು ಕಟ್ಟಪ್ಪಣೆ. ಇಂಗ್ಲಿಷಿನಲ್ಲಿ ‘ಬೇಕಿಲ್ಲ’ಕ್ಕೆ ‘ಡೋಂಟ್ ಹ್ಯಾವ್ ಟು’, ‘ಬಾರದು’ಗೆ ‘ಮಸ್ಟ್ ನಾಟ್’. ನರ್ಸಿಂಗ್ ಓದುತ್ತಿರುವವರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ. “ಯೂ ಡೋಂಟ್ ಹ್ಯಾವ್ ಟು ಟೇಕ್ ದಿಸ್ ಟ್ಯಾಬ್ಲೆಟ್” ಅಂದರೆ ಈ ಮಾತ್ರೆ ತಗೊಳ್ಳಲೇಬೇಕು ಅಂತಿಲ್ಲ. “ಯೂ ಮಸ್ಟ್ ನಾಟ್ ಟೇಕ್ ದಿಸ್ ಟ್ಯಾಬ್ಲೆಟ್” ಅಂದರೆ ಮುಟ್ಟಲೇಬೇಡಿ. ಇವು ಅದಲುಬದಲಾದರೆ ರೋಗಿಯ ಗತಿ ಏನು?

ಹಿಂದಿನ ಕಾಲದಲ್ಲೂ ಕನ್ನಡ ಎರಡು ದಾರಿ ಇಟ್ಟಿದೆ. ‘ಬ್ಯಾಂಕಿಗೆ ಹೋಗಬೇಕಾಯ್ತು’ ಅಂದರೆ ಹೋದೆ, ಬೇರೆ ದಾರಿ ಇರಲಿಲ್ಲ. “ಐ ಹ್ಯಾಡ್ ಟು ಗೋ ಟು ದ ಬ್ಯಾಂಕ್.” ‘ಬ್ಯಾಂಕಿಗೆ ಹೋಗಬೇಕಿತ್ತು’ ಅಂತ ಕೊರಗಿನಿಂದ ಹೇಳಿದರೆ ಹೋಗಲಿಲ್ಲ. “ಐ ಶುಡ್ ಹ್ಯಾವ್ ಗಾನ್ ಟು ದ ಬ್ಯಾಂಕ್.” ಆಫೀಸಿಗೆ ತಡವಾಗಿ ಬಂದು ಕಾರಣ ಹೇಳುವಾಗ ‘ಹ್ಯಾಡ್ ಟು’ ಬಳಸಿ. “ಸಾರಿ, ಐ ಹ್ಯಾಡ್ ಟು ಟೇಕ್ ಮೈ ಮದರ್ ಟು ದ ಡಾಕ್ಟರ್.” ಇದನ್ನು ‘ಶುಡ್ ಹ್ಯಾವ್ ಟೇಕನ್’ ಅಂದರೆ ಅಮ್ಮನನ್ನು ಕರೆದುಕೊಂಡು ಹೋಗಲೇ ಇಲ್ಲ ಅಂತಾಗುತ್ತದೆ.

ಮಾಡಿದೆನಾ, ಮಾಡಿಸಿದೆನಾ?

ನನಗೆ ಈ ಭಾಗ ಬಹಳ ಇಷ್ಟ. ಯಾಕೆಂದರೆ ಇಲ್ಲಿ ಕನ್ನಡದವರಿಗೆ ಕೈಯಲ್ಲೇ ಬೀಗದ ಕೈ ಇದೆ, ಆದರೂ ಬಾಗಿಲು ತಟ್ಟುತ್ತಾ ನಿಲ್ಲುತ್ತೇವೆ.

‘ಬ್ಲೌಸ್ ಹೊಲಿದೆ’ ಅಂದರೆ ನಾನೇ ಹೊಲಿದೆ. ‘ಬ್ಲೌಸ್ ಹೊಲಿಸಿದೆ’ ಅಂದರೆ ಟೈಲರ್ ಹೊಲಿದ. ನಡುವೆ ಒಂದು ‘ಇಸು’ ಬಂದರೆ ಕೆಲಸ ಬೇರೆಯವರ ಕೈಗೆ ಹೋಯಿತು. ಸ್ಕೂಲಲ್ಲಿ ಇದಕ್ಕೆ ಪ್ರೇರಣಾರ್ಥಕ ಅಂತ ದೊಡ್ಡ ಹೆಸರು ಹೇಳಿಕೊಟ್ಟಿದ್ದಾರೆ. ಮಾಡಿಸು, ಕಟ್ಟಿಸು, ಬರೆಸು, ತರಿಸು. ನಾವು ದಿನಕ್ಕೆ ನೂರು ಸಲ ಬಳಸುತ್ತೇವೆ. ಆದರೆ ಇಂಗ್ಲಿಷಿಗೆ ಹೋದ ಕೂಡಲೇ ‘ಇಸು’ ಬಿದ್ದುಹೋಗುತ್ತದೆ. “ಐ ಸ್ಟಿಚ್ಡ್ ಎ ಬ್ಲೌಸ್.” ಕೇಳಿದವರು ‘ಅರೆ, ನಿಮಗೆ ಹೊಲಿಗೆ ಬರುತ್ತಾ?’ ಅಂತಾರೆ.

ಇಂಗ್ಲಿಷಿನಲ್ಲಿ ‘ಇಸು’ ಕೆಲಸ ಮಾಡುವುದೂ ‘ಹ್ಯಾವ್’. ಕ್ರಮ ಹೀಗೆ: ಮೊದಲು ‘ಹ್ಯಾವ್’ ಅಥವಾ ‘ಹ್ಯಾಡ್’, ಆಮೇಲೆ ವಸ್ತು, ಕೊನೆಗೆ ಆದ ಕೆಲಸ. “ಐ ಹ್ಯಾಡ್ ಎ ಬ್ಲೌಸ್ ಸ್ಟಿಚ್ಡ್.” “ಐ ಹ್ಯಾಡ್ ಮೈ ಬೈಕ್ ಸರ್ವಿಸ್ಡ್.” “ವೀ ಹ್ಯಾಡ್ ದ ಹೌಸ್ ಪೇಂಟೆಡ್ ಫಾರ್ ದಸರಾ.” ವಸ್ತು ನಡುವೆಯೇ ಇರಬೇಕು. ‘ಐ ಹ್ಯಾಡ್ ಪೇಂಟೆಡ್ ದ ಹೌಸ್’ ಅಂತ ಜಾಗ ಬದಲಾಯಿಸಿದರೆ ಬ್ರಶ್ ಮತ್ತೆ ನಿಮ್ಮ ಕೈಗೆ ಬರುತ್ತದೆ. ಮನೆ ಕಟ್ಟಿಸಿದ್ದಕ್ಕೆ, ಕಟಿಂಗ್ ಮಾಡಿಸಿದ್ದಕ್ಕೆ ಇಂಗ್ಲಿಷಿನವರೂ ಕೆಲವೊಮ್ಮೆ ‘ಐ ಬಿಲ್ಟ್’, ‘ಐ ಕಟ್ ಮೈ ಹೇರ್’ ಅನ್ನುತ್ತಾರೆ. ಆ ಸಡಿಲಿಕೆ ಇದೆ. ಆದರೂ ‘ಹ್ಯಾಡ್ ಮೈ ಹೇರ್ ಕಟ್’ ಅಂದರೆ ಗೊಂದಲವೇ ಇರುವುದಿಲ್ಲ.

ಮಾಡಿದವರ ಹೆಸರು ಹೇಳಬೇಕಾದರೆ ಇನ್ನೊಂದು ಕ್ರಮ. ‘ಮಗನ ಕೈಲಿ ಫೋನ್ ಮಾಡಿಸ್ತೀನಿ’ ಅಂದರೆ “ಐ ವಿಲ್ ಹ್ಯಾವ್ ಮೈ ಸನ್ ಕಾಲ್ ಯೂ”. ಇಲ್ಲಿ ಮನುಷ್ಯ ನಡುವೆ, ಕ್ರಿಯಾಪದ ಬೋಳಾಗಿ. ‘ಟು’ ಬೇಡ, ‘ಇಂಗ್’ ಬೇಡ.

ಮೈಸೂರಲ್ಲಿ ಟೂರಿಸ್ಟ್‌ಗಳನ್ನು ಸುತ್ತಾಡಿಸುವ ಆಟೋ, ಟ್ಯಾಕ್ಸಿಯವರಿಗೆ ಅರಮನೆಯ ಕಥೆಯಲ್ಲೇ ಈ ಪಾಠ ಪೂರ್ತಿ ಸಿಗುತ್ತದೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರು. ಅವರ ತಾಯಿ ಕೆಂಪನಂಜಮ್ಮಣ್ಣಿ ರೀಜೆಂಟರಾಗಿ ಆಡಳಿತ ನೋಡುತ್ತಿದ್ದರು. ಹೆನ್ರಿ ಇರ್ವಿನ್ ಅನ್ನುವ ಬ್ರಿಟಿಷ್ ವಾಸ್ತುಶಿಲ್ಪಿಯಿಂದ ಹೊಸ ಅರಮನೆಯ ವಿನ್ಯಾಸ ಮಾಡಿಸಿದರು. 1912ರಲ್ಲಿ ಕಟ್ಟಡ ಮುಗಿಯಿತು. ಈಗ ಇಂಗ್ಲಿಷಿನಲ್ಲಿ: “ದ ಓಲ್ಡ್ ಪ್ಯಾಲೇಸ್ ಹ್ಯಾಡ್ ಬರ್ನ್ಟ್ ಡೌನ್, ಸೋ ದ ಕ್ವೀನ್ ಹ್ಯಾಡ್ ಎ ನ್ಯೂ ಒನ್ ಬಿಲ್ಟ್. ಶೀ ಹ್ಯಾಡ್ ಹೆನ್ರಿ ಇರ್ವಿನ್ ಡಿಸೈನ್ ಇಟ್.” ಮೂರು ‘ಹ್ಯಾಡ್’, ಮೂರೂ ಬೇರೆ ಬೇರೆ. ಮೊದಲನೆಯದು ‘ಸುಟ್ಟುಹೋಗಿತ್ತು’, ಎರಡನೆಯದು ‘ಕಟ್ಟಿಸಿದರು’, ಮೂರನೆಯದು ‘ಇರ್ವಿನ್ ಕೈಲಿ ಮಾಡಿಸಿದರು’. ಇವನ್ನು ಬಾಯಿಗೆ ತಂದುಕೊಂಡರೆ ಗಿರಾಕಿಗೆ ಕಥೆಯೂ ಆಯಿತು, ನಿಮಗೆ ವ್ಯಾಕರಣವೂ ಆಯಿತು.

ಒಂದು ತಮಾಷೆ ಇದೆ. “ಐ ಹ್ಯಾಡ್ ಮೈ ಫೋನ್ ಸ್ಟೋಲನ್” ಅಂದರೆ ಫೋನ್ ಕದಿಸಿದೆ ಅಂತಲ್ಲ. ಕಳುವಾಯ್ತು ಅಂತ. ರೂಪ ಅದೇ, ನಾವು ಬೇಕೂಂತ ಮಾಡಿಸಿದ್ದಲ್ಲ. ಬಸ್ ಸ್ಟ್ಯಾಂಡ್ ಗಲಾಟೆಯಲ್ಲಿ ಯಾರಾದರೂ ಹೀಗೆ ಅಳುತ್ತಾ ಬಂದರೆ ತಪ್ಪು ತಿಳಿಯಬೇಡಿ.

‘ನೋಡಿದ್ದೇನೆ’, ‘ಹೋಗಿದ್ದೆ’: ಕನ್ನಡ ದಾರಿ ತಪ್ಪಿಸುವ ಜಾಗ

ಇಲ್ಲಿಯವರೆಗೆ ಕನ್ನಡ ಕೈಹಿಡಿದು ನಡೆಸಿತು. ಇಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು.

ಮಳೆಗಾಲದಲ್ಲಿ ಮಂಡ್ಯದ ರೈತರು ಬೆಳಗ್ಗೆ ಎದ್ದು ಮೊದಲು ಕೇಳುವುದು ಕನ್ನಂಬಾಡಿ ಅಂದರೆ ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ. ಪೂರ್ತಿ ಮಟ್ಟ 124.80 ಅಡಿ. ಆ ಮಟ್ಟ ಮುಟ್ಟಿದರೆ ‘ಕೆಆರ್‌ಎಸ್ ತುಂಬಿದೆ’ ಅನ್ನುತ್ತಾರೆ. “ದ ಡ್ಯಾಮ್ ಹ್ಯಾಸ್ ಫಿಲ್ಡ್ ಅಪ್.” ತುಂಬಿದ್ದು ಯಾವಾಗ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಈಗ ನೀರು ಇದೆ, ನಾಲೆಗೆ ಬರುತ್ತದೆ ಅನ್ನುವುದು ಮುಖ್ಯ. ಹೀಗೆ, ನಡೆದುಹೋದದ್ದರ ಪರಿಣಾಮ ಈಗಲೂ ಕಣ್ಣ ಮುಂದೆ ಇದ್ದರೆ ‘ಹ್ಯಾವ್’ ಅಥವಾ ‘ಹ್ಯಾಸ್’ ಜೊತೆ ಮುಖ್ಯ ಕ್ರಿಯಾಪದದ ಮೂರನೇ ರೂಪ (‘ಫಿಲ್ಡ್’, ‘ಸೀನ್’, ‘ಗಾನ್’ ತರಹದ್ದು). ‘ತುಂಬಿದೆ’, ‘ಬಂದಿದ್ದಾರೆ’, ‘ಕಳೆದುಹೋಗಿದೆ’ ಎಲ್ಲ ಇದೇ ಗುಂಪು.

ಆದರೆ ದಿನ, ಹೊತ್ತು, ಇಸವಿ ಹೇಳಿದ ಕೂಡಲೇ ಇಂಗ್ಲಿಷಿನಲ್ಲಿ ‘ಹ್ಯಾವ್’ ಹೊರಗೆ ಹೋಗುತ್ತದೆ. ಕನ್ನಡದಲ್ಲಿ ‘ನಿನ್ನೆ ಅವರನ್ನು ನೋಡಿದ್ದೇನೆ’ ಅಂದರೆ ಯಾರೂ ತಪ್ಪು ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ “ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ” ತಪ್ಪು. “ಐ ಸಾ ಹಿಮ್ ಯೆಸ್ಟರ್ಡೇ” ಅನ್ನಬೇಕು. ‘ಹ್ಯಾವ್ ಸೀನ್’ ಬೇಕಾದರೆ ‘ಯೆಸ್ಟರ್ಡೇ’ ಬಿಡಿ.

‘ಹೋಗಿದ್ದೆ’ ಇನ್ನೂ ಜಾಸ್ತಿ ಮೋಸ ಮಾಡುತ್ತದೆ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅನ್ನುವುದು ನಮಗೆ ಸಹಜ ಮಾತು. ಅದನ್ನು ಹಾಗೇ ಎತ್ತಿ “ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್ಡೇ” ಅನ್ನುತ್ತೇವೆ. ಕೇಳಿದವರು ‘ಆಮೇಲೆ?’ ಅಂತ ಕಾಯುತ್ತಾರೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ಗೆ ಅದಾದ ಮೇಲೆ ನಡೆದ ಇನ್ನೊಂದು ಘಟನೆ ಬೇಕು. ‘ನಾನು ಸ್ಟೇಷನ್‌ಗೆ ಬರೋ ಹೊತ್ತಿಗೆ ಟ್ರೇನ್ ಹೋಗಿತ್ತು.’ “ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್.” ಇಲ್ಲಿ ಎರಡು ಘಟನೆ ಇವೆ, ಮೊದಲು ಆದದ್ದಕ್ಕೆ ‘ಹ್ಯಾಡ್’. ಒಂದೇ ಘಟನೆ ಇದ್ದರೆ ಸುಮ್ನೆ “ಐ ವೆಂಟ್ ಟು ಮೈಸೂರು ಯೆಸ್ಟರ್ಡೇ”. ಆಫೀಸ್ ಇ-ಮೇಲ್‌ಗಳಲ್ಲಿ “ಐ ಹ್ಯಾಡ್ ಸೆಂಟ್ ದ ಫೈಲ್ ಯೆಸ್ಟರ್ಡೇ” ಅಂತ ಬರೆಯುವವರು ‘ಹ್ಯಾಡ್’ ಅಳಿಸಿ ಕಳಿಸಿ.

ಹೋಗಿ ಬಂದಿದ್ದರೆ ‘ಬೀನ್’, ಹೋದವರು ಇನ್ನೂ ಬಂದಿಲ್ಲವಾದರೆ ‘ಗಾನ್’. “ಮೈ ಫಾದರ್ ಹ್ಯಾಸ್ ಗಾನ್ ಟು ಬೆಂಗಳೂರು” ಅಂದರೆ ಮನೇಲಿ ಇಲ್ಲ. “ಐ ಹ್ಯಾವ್ ಬೀನ್ ಟು ಊಟಿ” ಅಂದರೆ ಊಟಿ ನೋಡಿದ್ದೇನೆ. ಮಂಡ್ಯದಲ್ಲಿ ಕೂತು “ಐ ಹ್ಯಾವ್ ಗಾನ್ ಟು ಊಟಿ” ಅಂದರೆ ಇಲ್ಲಿ ಕೂತಿರುವವರು ಯಾರು ಅನ್ನುವ ಪ್ರಶ್ನೆ ಬರುತ್ತದೆ.

ಇನ್ನು ‘ಇಂದ’. ‘ಐದು ವರ್ಷದಿಂದ ಮೈಸೂರಲ್ಲಿ ಇದ್ದೀನಿ.’ ಕನ್ನಡದಲ್ಲಿ ‘ಇದ್ದೀನಿ’ ವರ್ತಮಾನ, ಹಾಗಾಗಿ “ಐ ಆಮ್ ಇನ್ ಮೈಸೂರು ಸಿನ್ಸ್ ಫೈವ್ ಇಯರ್ಸ್” ಅಂತ ಬರುತ್ತದೆ. ಎರಡು ತಪ್ಪು. ಆಗ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಹ್ಯಾವ್ ಬೀನ್’ ಬೇಕು. ಮತ್ತೆ ನಮ್ಮ ಒಂದು ‘ಇಂದ’ಕ್ಕೆ ಇಂಗ್ಲಿಷಿನಲ್ಲಿ ಎರಡು ಪದ. ಎಷ್ಟು ಕಾಲ ಅಂತ ಅಳತೆ ಹೇಳಿದರೆ ‘ಫಾರ್’: “ಐ ಹ್ಯಾವ್ ಬೀನ್ ಇನ್ ಮೈಸೂರು ಫಾರ್ ಫೈವ್ ಇಯರ್ಸ್.” ಯಾವಾಗಿನಿಂದ ಅಂತ ಶುರುವಾದ ದಿನ ಹೇಳಿದರೆ ‘ಸಿನ್ಸ್’: “ದ ಯೂನಿವರ್ಸಿಟಿ ಹ್ಯಾಸ್ ಬೀನ್ ಹಿಯರ್ ಸಿನ್ಸ್ 1916.” ಅದೇ ವಿಶ್ವವಿದ್ಯಾನಿಲಯ ಶುರುವಾದ ವಿಷಯ ಮಾತ್ರ ಹೇಳುವುದಾದರೆ “ಇಟ್ ವಾಸ್ ಫೌಂಡೆಡ್ ಇನ್ 1916”. ಇಸವಿ ಬಂತು, ಹ್ಯಾವ್ ಹೋಯಿತು.

ಉಚ್ಚಾರಣೆ, ಅಭ್ಯಾಸ

ನಮ್ಮ ಹಳ್ಳಿ ಕಡೆ ‘ಹ’ ಉದುರುವುದು ಮಾಮೂಲು. ಹಾವು ‘ಆವು’, ಹಳ್ಳಿ ‘ಅಳ್ಳಿ’. ‘ಆವ್ ಯೂ’ ಅಂತ ಬಂದುಬಿಡುತ್ತದೆ ಅಂತ ಕೆಲವರು ಬಾಯೇ ಬಿಡುವುದಿಲ್ಲ. ಅಷ್ಟು ನಾಚಿಕೆ ಬೇಡ. ವೇಗವಾಗಿ ಮಾತಾಡುವಾಗ ಇಂಗ್ಲಿಷಿನವರೇ ಸಹಾಯಕ ಕ್ರಿಯಾಪದದ ‘ಹ’ ನುಂಗುತ್ತಾರೆ. ‘ಐ ಹ್ಯಾವ್ ಸೀನ್’ ಹೋಗಿ ‘ಐವ್ ಸೀನ್’, ‘ಶುಡ್ ಹ್ಯಾವ್’ ಹೋಗಿ ‘ಶುಡವ್’. ಈ ‘ಶುಡವ್’ ಕೇಳಿ ‘ಶುಡ್ ಆಫ್’ ಅಂತ ತಪ್ಪಾಗಿ ಬರೆಯುವವರು ಇಂಗ್ಲೆಂಡಿನಲ್ಲೂ ಇದ್ದಾರೆ. ಆದರೆ ‘ಇದೆ’ ಅನ್ನುವ ಅರ್ಥದ ಹ್ಯಾವ್‌ನಲ್ಲಿ ‘ಹ’ ಗಟ್ಟಿಯಾಗಿ ಬರಲಿ. ಕೊನೆಗೆ ‘ಉ’ ಸೇರಿಸಿ ‘ಹ್ಯಾವು’ ಮಾಡಬೇಡಿ, ಅಷ್ಟೇ.

ಈಗ ಇವನ್ನು ಜೋರಾಗಿ ಹೇಳಿ ನೋಡಿ. ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಳ್ಳುವವರಿದ್ದರೆ ಇನ್ನೂ ಒಳ್ಳೆಯದು. ಅವನಿಗೆ ಇಬ್ಬರು ಅಕ್ಕಂದಿರು. ಮೂರು ತಿಂಗಳಿಂದ ಈ ಅಂಗಡೀಲಿ ಕೆಲಸ ಮಾಡ್ತಾ ಇದ್ದೀನಿ. ನಾಳೆ ನೀವು ಬರಬೇಕಿಲ್ಲ. ಮೊನ್ನೆ ಮದ್ದೂರಿಗೆ ಹೋಗಿದ್ದೆ. ಕನ್ನಡಕ ರಿಪೇರಿ ಮಾಡಿಸಬೇಕು.

ಮೊದಲನೆಯದು “ಹೀ ಹ್ಯಾಸ್ ಟೂ ಎಲ್ಡರ್ ಸಿಸ್ಟರ್ಸ್”. ಎರಡನೆಯದು “ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ದಿಸ್ ಶಾಪ್ ಫಾರ್ ತ್ರೀ ಮಂತ್ಸ್”. ಮೂರನೆಯದು “ಯೂ ಡೋಂಟ್ ಹ್ಯಾವ್ ಟು ಕಮ್ ಟುಮಾರೋ”. ನಾಲ್ಕನೆಯದರಲ್ಲಿ ‘ಹ್ಯಾಡ್’ ಹಾಕಿದ್ದರೆ ತೆಗೆಯಿರಿ: “ಐ ವೆಂಟ್ ಟು ಮದ್ದೂರ್ ದ ಡೇ ಬಿಫೋರ್ ಯೆಸ್ಟರ್ಡೇ”. ಐದನೆಯದರಲ್ಲಿ ‘ಮಾಡಿಸು’ ಇದೆ, ‘ಬೇಕು’ ಕೂಡ ಇದೆ. ಹಾಗಾಗಿ ಎರಡು ಹ್ಯಾವ್: “ಐ ಹ್ಯಾವ್ ಟು ಹ್ಯಾವ್ ಮೈ ಗ್ಲಾಸಸ್ ರಿಪೇರ್ಡ್”. ವಾಕ್ಯ ಸರಿಯಾಗೇ ಇದೆ. ಆದರೆ ಒಂದರ ಹಿಂದೆ ಒಂದು ಹ್ಯಾವ್ ಬಂದರೆ ನಾಲಿಗೆ ತೊಡರುತ್ತದೆ ಅಂತ ಮಾತಿನಲ್ಲಿ ಹೆಚ್ಚಿನವರು ಎರಡನೆಯದನ್ನು ಬಿಟ್ಟು ‘ಗೆಟ್’ ಹಾಕುತ್ತಾರೆ: “ಐ ಹ್ಯಾವ್ ಟು ಗೆಟ್ ಮೈ ಗ್ಲಾಸಸ್ ರಿಪೇರ್ಡ್”. ನೀವೂ ಹಾಗೇ ಹೇಳಿ.